ಆಟಕ್ಕುಂಟು, ಲೆಕ್ಕಕ್ಕಿಲ್ಲ

"ರೀ, ಆ ನಾಲ್ಕೂ ಜನ ಸತ್ತುಹೋಗಿದ್ದಾರೆ ಅಂದಿದ್ರಲ್ಲ?"

ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದ ನನ್ನ ಹೆಂಡತಿ ತಲೆ ಎತ್ತದೆ ಕೇಳಿದ ಪ್ರಶ್ನೆ ಇದು. ತಲೆ ಎತ್ತದೆ ಕೇಳುವ ಪ್ರಶ್ನೆಗಳು ನಮ್ಮ ಮನೆಯಲ್ಲಿ ಅಪಾಯಕಾರಿ. ನಾನು ಟಿ.ವಿ. ಕಡೆ ನೋಡಿದೆ. ಸತ್ತವರು ನಾಲ್ವರೂ ಅಲ್ಲಿ ಸಾಲಾಗಿ ನಿಂತಿದ್ದರು. ನೆಗಡಿಯ ಲಕ್ಷಣ ಕೂಡ ಇರಲಿಲ್ಲ.

"ಅದೂ... ಇದು ಬೇರೆ ಕಾಲಧಾರೆ ಕಣೇ."

"ಬೇರೆ ಅಂದ್ರೆ?"

"ಒಂದು ಪುಟ್ಟ ಯಂತ್ರ ಹಿಂದಿನ ಕಾಲಕ್ಕೆ ಹೋಗಿ, ಏನಾಗಬೇಕಿತ್ತೋ ಅದು ಆಗದ ಹಾಗೆ..."

"ಹಾಗಾದ್ರೆ ನೀವು ಎರಡು ವರ್ಷ ಕೂತು ಆಡಿದ ಆ ಮೊದಲಿನ ಆಟಕ್ಕೂ ಇದಕ್ಕೂ ಕಥೆ ಕೂಡಲ್ಲ."

ನಾನು ಸುಮ್ಮನಾದೆ. ಅವಳು ಹುರುಳಿಕಾಯಿಯ ಮೊರ ಪಕ್ಕಕ್ಕೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕಪಾಟಿನ ಮೇಲಿಂದ ಲೆಕ್ಕದ ಪುಸ್ತಕ ಇಳಿಸಿದಳು.

ಈ ಪುಸ್ತಕದ ಬಗ್ಗೆ ಹೇಳಬೇಕು. ನೀಲಿ ರಟ್ಟಿನ ಉದ್ದ ಪುಸ್ತಕ. ಪ್ರತಿ ಪುಟದಲ್ಲೂ ಎರಡೇ ಕಲಂ: 'ಬೇಕಾದ್ದು' ಮತ್ತು 'ಇತರೆ'. ಅಕ್ಕಿ, ಬೇಳೆ, ಹಾಲು, ಕರೆಂಟು, ಮಕ್ಕಳ ಫೀಸು, ಅಮ್ಮನ ಬಿ.ಪಿ. ಮಾತ್ರೆ ಇವೆಲ್ಲ ಮೊದಲ ಕಲಂ. ಎರಡನೆಯದು ಬಹುಮಟ್ಟಿಗೆ ನನ್ನ ಆತ್ಮಚರಿತ್ರೆ. ಬಟ್ಟೆ ಒಣಹಾಕಲು ಉಪಯೋಗವಾಗುತ್ತಿರುವ ವ್ಯಾಯಾಮದ ಸೈಕಲ್ಲು, ಒಂದನೇ ಪಾಠದಲ್ಲೇ ನಿಂತ ಕೊಳಲು, ಕಳೆದುಹೋದ ಛತ್ರಿ, ಅದನ್ನು ಹುಡುಕಲು ಹೋದಾಗ ಕಳೆದ ಇನ್ನೊಂದು ಛತ್ರಿ. 'ಇತರೆ'ಗೆ ತಿಂಗಳಿಗೆ 500 ರೂಪಾಯಿ ಮಿತಿ. ಅದಕ್ಕಿಂತ ಹೆಚ್ಚಿನದು ಏನಾದರೂ ಬೇಕಿದ್ದರೆ ಅದು 'ಬೇಕಾದ್ದು' ಎಂದು ಸಾಬೀತು ಮಾಡಬೇಕು.

ಈ ಆಟ 4,500 ರೂಪಾಯಿ. ಸಾಬೀತು ಮಾಡಿದ್ದೆ. ಸುಳ್ಳುಸಾಕ್ಷಿ ಹೇಳಿ.

ನಲವತ್ತೆಂಟರ ಗಂಡಸು ವಿಡಿಯೋ ಗೇಮ್ ಆಡುತ್ತಾನೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ನಿಂಟೆಂಡೊ ಸ್ವಿಚ್ ಮಕ್ಕಳದು ಎಂದೇ ಎಲ್ಲರ ತಿಳಿವಳಿಕೆ. ಮಕ್ಕಳಿಗೆಂದೇ ತಂದದ್ದು ನಿಜ. ಆದರೆ ಅದರೊಳಗೆ 2017ರಲ್ಲಿ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಎಂಬ ಆಟವಿತ್ತು. ಲಿಂಕ್ ಎಂಬ ವೀರ ನೂರು ವರ್ಷ ಮಲಗಿ ಏಳುತ್ತಾನೆ. ಎದ್ದವನನ್ನು ಇಡೀ ಹೈರೂಲ್ ರಾಜ್ಯ ತಲೆ ಮೇಲೆ ಹೊತ್ತುಕೊಳ್ಳುತ್ತದೆ. ಭಾನುವಾರ ಎಂಟು ಗಂಟೆಗೆ ಎದ್ದರೆ ಕಾಫಿಯೂ ಬಿಸಿ ಸಿಗದ ನನಗೆ ಆ ಹುಡುಗನ ಮೇಲೆ ಅಭಿಮಾನ ಹುಟ್ಟಿದ್ದು ಸಹಜ.

ಅವನು ಮಲಗುವುದಕ್ಕೆ ಮುಂಚೆ ನಡೆದದ್ದು ದೊಡ್ಡ ದುರಂತ. ಗ್ಯಾನನ್ ಎಂಬ ಪೀಡೆ ಎದ್ದು, ಮೀಫಾ, ಡಾರುಕ್, ರೆವಾಲಿ, ಉರ್ಬೋಸಾ ಎಂಬ ನಾಲ್ವರು ವೀರರನ್ನು ಅವರವರ ದೈತ್ಯಯಂತ್ರಗಳ ಒಳಗೇ ಕೊಂದುಹಾಕಿತು. ಆಟದ ತುಂಬ ಅವರ ನೆನಪೇ. ನಾನು ಮೀಫಾಳ ಅಪ್ಪನ ಮುಖ ನೋಡಿ ಒಂದು ರಾತ್ರಿ ಊಟ ಬಿಟ್ಟಿದ್ದೆ. (ಬಿಟ್ಟಿರಲಿಲ್ಲ, ಮೊಸರನ್ನ ಮಾತ್ರ ಬಿಟ್ಟಿದ್ದೆ ಎಂದು ಹೆಂಡತಿ ತಿದ್ದುತ್ತಾಳೆ.) ಅವಳು ಆಟ ನೋಡುವುದಿಲ್ಲ, ಆದರೆ ಹೆಸರು, ತಾರೀಕು, ಯಾರು ಯಾರಿಗೆ ಏನಾಗಬೇಕು ಎಲ್ಲ ಅವಳ ಕಿವಿಗೆ ಬಿದ್ದರೆ ಸಾಕು, ಕಲ್ಲಿನಲ್ಲಿ ಕೊರೆದ ಹಾಗೆ. ನನಗೇ ಮರೆತ ನನ್ನ ಅತ್ತಿಗೆಯ ತಂಗಿಯ ಮಗುವಿನ ನಕ್ಷತ್ರ ಅವಳಿಗೆ ಗೊತ್ತು.

2020ರ ನವೆಂಬರಿನಲ್ಲಿ 'ಹೈರೂಲ್ ವಾರಿಯರ್ಸ್: ಏಜ್ ಆಫ್ ಕಲಾಮಿಟಿ' ಬಂತು. ಜಾಹೀರಾತಿನ ಪ್ರಕಾರ ಇದು ನೂರು ವರ್ಷ ಹಿಂದಿನ ಆ ದುರಂತದ ಕಥೆ. ಆಟದ ಬಗೆ ಮಾತ್ರ ಬೇರೆ. ಒಂದು ಗುಂಡಿ ಒತ್ತಿದರೆ ನಲವತ್ತು ರಾಕ್ಷಸರು ಹಾರಿಬೀಳುವ ಯುದ್ಧದ ಆಟ. ನಾನು ಅದನ್ನು ಕೊಂಡದ್ದು ಮೊನ್ನೆ. ಮನವಿ ಸಲ್ಲಿಸಿದ್ದು ಹೀಗೆ: "ನೋಡೇ, ಇದು ಅದರ ಹಿಂದಿನ ಕಥೆ. ಆದಿಪರ್ವ ಬಿಟ್ಟು ಯಾರಾದರೂ ಭಾರತ ಓದ್ತಾರಾ? ಇದಿಲ್ಲದೆ ಅದು ಅರ್ಧ." ಅವಳು ಒಂದೇ ಪ್ರಶ್ನೆ ಕೇಳಿದ್ದಳು: "ಇದು ಆ ಕಥೆಯ ಲೆಕ್ಕಕ್ಕೆ ಸೇರುತ್ತಾ?" ನಾನು ದೇವರ ಗೂಡಿನ ಕಡೆ ನೋಡಿ "ಖಂಡಿತ" ಎಂದಿದ್ದೆ. 'ಬೇಕಾದ್ದು' ಕಲಮಿನಲ್ಲಿ ಹೆಸರುಬೇಳೆಗೂ ಗ್ಯಾಸಿಗೂ ನಡುವೆ 4,500 ಕೂತಿತ್ತು.

ಈಗ ಆ ಆಟದ ಮಧ್ಯದಲ್ಲಿ ಟೆರಾಕೊ ಎಂಬ ಮೊಟ್ಟೆಯಾಕಾರದ ಯಂತ್ರ ನನ್ನ ಮಾನ ತೆಗೆಯಿತು. ಅದು ದುರಂತದ ದಿನದಿಂದ ಹಿಂದಕ್ಕೆ ಹಾರಿ ಬಂದು ಕಥೆಯನ್ನೇ ತಿರುಗಿಸಿತು. ಸಾಯಬೇಕಾದ ನಾಲ್ವರನ್ನು ಕಾಪಾಡಲು ಭವಿಷ್ಯದಿಂದ ನೆಂಟರು ಬಂದರು. ದುರಂತದ ಕಥೆ ಎಂದು ಕೊಂಡದ್ದರಲ್ಲಿ ದುರಂತವೇ ನಡೆಯಲಿಲ್ಲ. ಶ್ರಾದ್ಧಕ್ಕೆಂದು ಹೋದ ಮನೆಯಲ್ಲಿ ಸತ್ತವರೇ ಬಂದು ಬಡಿಸಿದ ಹಾಗಾಯಿತು.

"'ಇತರೆ'," ಎಂದಳು ಹೆಂಡತಿ, ಪೆನ್ನು ತೆಗೆದು. "ತಿಂಗಳಿಗೆ 500. ಒಂಬತ್ತು ತಿಂಗಳು ನೀವು ಏನೂ ಕೇಳೋ ಹಾಗಿಲ್ಲ."

ಒಂಬತ್ತು ತಿಂಗಳು! ನಾನು ಮೇಲ್ಮನವಿ ಹಾಕಿದೆ.

ಮೊದಲ ಸಾಕ್ಷಿ ನನ್ನ ಮಗ. ಎಂಜಿನಿಯರಿಂಗ್ ಎರಡನೇ ವರ್ಷ. ನನ್ನ ಪರ ಬರುತ್ತಾನೆಂದು ಕರೆದರೆ ಅವನು ಅಧ್ಯಾಪಕನಾದ. "ಅಪ್ಪ, ಯಾವುದು ಲೆಕ್ಕಕ್ಕೆ ಸೇರುತ್ತೆ ಅನ್ನೋದು ನೀನು ಹೇಳೋದಲ್ಲ. ಮಾಡಿದವರು ಹೇಳಬೇಕು. ಅದಕ್ಕೇ 'ಕ್ಯಾನನ್' ಅನ್ನೋದು." ಅವನು ಹೇಳಿದ ಪ್ರಕಾರ ಜೆಲ್ಡಾ ಮಾಲೆಯ ಮೊದಲ ಆಟ ಬಂದದ್ದು 1986ರಲ್ಲಿ. ಇಪ್ಪತ್ತೈದು ವರ್ಷ ಆಟಗಾರರು ಯಾವುದು ಮೊದಲು, ಯಾವುದು ನಂತರ ಎಂದು ಬಡಿದಾಡಿದರು. ಕೊನೆಗೆ 2011ರ ಡಿಸೆಂಬರಿನಲ್ಲಿ ಜಪಾನಿನಲ್ಲಿ 'ಹೈರೂಲ್ ಹಿಸ್ಟೋರಿಯಾ' ಎಂಬ ಅಧಿಕೃತ ಪುಸ್ತಕ ಬಂತು. ಅದರಲ್ಲಿ ವಂಶವೃಕ್ಷದಂಥ ನಕ್ಷೆ. 1998ರ 'ಆಕರಿನಾ ಆಫ್ ಟೈಮ್' ಆದಮೇಲೆ ಕಾಲ ಮೂರು ಕವಲಾಗುತ್ತದೆ. ಒಂದರಲ್ಲಿ ವೀರ ಮತ್ತೆ ಬಾಲಕನಾಗಿ ಹಿಂದಕ್ಕೆ ಹೋಗುತ್ತಾನೆ. ಇನ್ನೊಂದರಲ್ಲಿ ಅವನಿಲ್ಲದ ಭವಿಷ್ಯ. ಮೂರನೆಯದರಲ್ಲಿ ವೀರ ಸೋಲುತ್ತಾನೆ.

"ಸೋಲುತ್ತಾನೆ ಅಂದ್ರೆ?"

"ಅಂದ್ರೆ ಕೊನೇ ಯುದ್ಧದಲ್ಲಿ ಗೆಲ್ಲಲ್ಲ. ಅದೇ ಕವಲಿನಲ್ಲೇ 1986ರ ಆ ಮೊದಲ ಆಟ ಬರೋದು."

ನನಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ಸೋತ ಆಟವನ್ನೆಲ್ಲ ನಾನು ಯಾರಿಗೂ ಕಾಣದ ಹಾಗೆ ಅಳಿಸುತ್ತಿದ್ದೆ. ಸೋಲಿಗೂ ಒಂದು ಅಧಿಕೃತ ಕವಲಿದೆ, ಅದರ ಕೆಳಗೂ ವಂಶ ಬೆಳೆಯುತ್ತದೆ ಎಂದು ಪುಸ್ತಕದಲ್ಲೇ ಅಚ್ಚಾಗಿದೆ! ನನ್ನ ಇಲಾಖಾ ಪರೀಕ್ಷೆಗಳಿಗೂ ಇಂಥದೊಂದು ನಕ್ಷೆ ಇದ್ದಿದ್ದರೆ?

"ಸರಿ, ಆ ಪುಸ್ತಕದಲ್ಲಿ ನನ್ನ ಈ ಆಟ ಎಲ್ಲಿದೆ?"

"ಪುಸ್ತಕ ಬಂದದ್ದು 2011, ನಿನ್ನ ಆಟ ಬಂದದ್ದು 2020. ಹೇಗಿರುತ್ತೆ? ಅದೂ ಅಲ್ಲದೆ 2014ರಲ್ಲಿ ಬಂದ ಮೊದಲ 'ಹೈರೂಲ್ ವಾರಿಯರ್ಸ್' ಮಾಲೆಯ ಕಾಲಗಣನೆಗೆ ಸೇರಲ್ಲ ಅಂತ ಅವರೇ ಹೇಳಿದ್ದು. ಇನ್ನು 1993ರಲ್ಲಿ ಫಿಲಿಪ್ಸ್ ಕಂಪನಿಯ ಸಿಡಿ-ಐ ಅನ್ನೋ ಯಂತ್ರಕ್ಕೆ ಎರಡು ಜೆಲ್ಡಾ ಆಟ ಬಂದಿದ್ವು. ನಿಂಟೆಂಡೊ ಮತ್ತು ಫಿಲಿಪ್ಸ್ ಮಧ್ಯೆ ಆಗಿದ್ದ ಒಂದು ಒಪ್ಪಂದ ಮುರಿದು ಬಿದ್ದಾಗ ಹುಟ್ಟಿದವು. ಅವನ್ನ ನಿಂಟೆಂಡೊ ಮಾತೇ ಎತ್ತಲ್ಲ."

ಅರ್ಥವಾಯಿತು. ಎಲ್ಲ ಮನೆತನಗಳಲ್ಲೂ ಅಂಥ ಒಬ್ಬ ಚಿಕ್ಕಪ್ಪ ಇರುತ್ತಾನೆ. ಮದುವೆ ಆಲ್ಬಮ್ಮಿನಲ್ಲಿ ಅರ್ಧ ಭುಜ ಮಾತ್ರ ಕಾಣುತ್ತದೆ. ಯಾರು ಎಂದು ಕೇಳಿದರೆ ಪುಟ ತಿರುವುತ್ತಾರೆ.

ಆದರೂ ನಾನು ಬಿಡಲಿಲ್ಲ. "ಮಾಡಿದವರ ಮಾತೇ ಕೊನೆಯದು ಅಂತೀಯಲ್ಲ, 'ಮೆಟಲ್ ಗೇರ್' ಮಾಡಿದ ಹಿಡಿಯೊ ಕೊಜಿಮಾ ಕಥೆ ಗೊತ್ತಾ?" ಎಂದೆ. ಅವರ ಆಟದ ಮುಂದಿನ ಭಾಗವನ್ನು ಅವರಿಗೇ ಹೇಳದೆ ಕಂಪನಿಯ ಇನ್ನೊಂದು ತಂಡ ಮಾಡುತ್ತಿತ್ತು. ಹೆಸರು 'ಸ್ನೇಕ್ಸ್ ರಿವೆಂಜ್'. ಆ ತಂಡದ ಕಿರಿಯ ಸಹೋದ್ಯೋಗಿಯೊಬ್ಬ ರೈಲಿನಲ್ಲಿ ಸಿಕ್ಕಿ ವಿಷಯ ಬಾಯಿಬಿಟ್ಟು, ನಿಜವಾದ ಎರಡನೇ ಭಾಗ ನೀವೇ ಮಾಡಿ ಎಂದನಂತೆ. ಕೊಜಿಮಾ ಅವರು ಮಾಡಿದರು. ಎರಡೂ 1990ರಲ್ಲೇ ಬಂದವು. ಲೆಕ್ಕಕ್ಕೆ ಸೇರಿದ್ದು ಕೊಜಿಮಾ ಅವರದು. ಆದರೆ ಲೆಕ್ಕಕ್ಕಿಲ್ಲದ ಆ ಆಟ ಇಲ್ಲದಿದ್ದರೆ ಲೆಕ್ಕದ್ದು ಹುಟ್ಟುತ್ತಿತ್ತೇ?

"ಅದಕ್ಕೂ 4,500ಕ್ಕೂ ಏನು ಸಂಬಂಧ?" ಎಂದಳು ಹೆಂಡತಿ. ನನ್ನ ವಾದಗಳೆಲ್ಲ ಬಂದು ಒಡೆಯುವ ಬಂಡೆ ಅದು.

ನಾನು ಇನ್ನೊಂದು ದಾರಿ ಹಿಡಿದೆ: ಹೆದರಿಸುವುದು. "ಉಪಕಥೆ ಅಂತ ಬಿಟ್ಟರೆ ಏನಾಗುತ್ತೆ ಗೊತ್ತಾ? 'ಕಿಂಗ್‌ಡಮ್ ಹಾರ್ಟ್ಸ್' ನೆನಪಿದೆಯಾ?" ಅವಳಿಗೆ ನೆನಪಿತ್ತು. 'ಇತರೆ' ಕಲಮಿನಲ್ಲೂ ಇತ್ತು.

ಕಿಂಗ್‌ಡಮ್ ಹಾರ್ಟ್ಸ್ ಎಂದರೆ ಸೋರಾ ಎಂಬ ಹುಡುಗ ಡೊನಾಲ್ಡ್ ಬಾತುಕೋಳಿಯ ಜೊತೆ ಲೋಕ ಕಾಪಾಡುವ ಮಾಲೆ. ಒಂದನೇ ಭಾಗ 2002, ಎರಡು 2005, ಮೂರು 2019. ಲೆಕ್ಕ ಬಲ್ಲವನಾದ ನಾನು ಒಂದು, ಎರಡು ಆಡಿ ಮೂರಕ್ಕೆ ಹೋದೆ. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು ಎಂದು ಶಾಲೆಯಲ್ಲಿ ಕಲಿಸಿದ್ದರು. ಅದು ತಪ್ಪು. ಎರಡನೇ ಭಾಗ ಶುರುವಾಗುವಾಗಲೇ ಸೋರಾ ಒಂದು ಗೂಡಿನೊಳಗೆ ನಿದ್ದೆ ಮಾಡುತ್ತಿರುತ್ತಾನೆ. ಯಾಕೆ ನಿದ್ದೆ ಎಂದರೆ ಅದು 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಬೇರೆ ಯಂತ್ರಕ್ಕೆ ಬಂದ 'ಚೈನ್ ಆಫ್ ಮೆಮೊರೀಸ್'ನಲ್ಲಿ ಇದೆ. ಮೂರನೇ ಭಾಗಕ್ಕೆ ಬಂದರೆ ಅಕ್ವಾ, ಟೆರಾ, ವೆಂಟಸ್ ಎಂದು ಮೂವರು. ಎಲ್ಲರೂ ಅವರನ್ನು ನೋಡಿ ಕಣ್ಣೀರಿಡುತ್ತಿದ್ದಾರೆ. ನನಗೆ ಪರಿಚಯವೇ ಇಲ್ಲ. ಅವರ ಕಥೆ 2010ರಲ್ಲಿ ಪಿಎಸ್‌ಪಿಗೆ ಬಂದಿತ್ತು. ನಡುವೆ ಡಿಎಸ್‌ಗೆ ಎರಡು, 3ಡಿಎಸ್‌ಗೆ ಒಂದು. ಆಮೇಲೆ ಎಲ್ಲ ಸೇರಿಸಿ ಕಟ್ಟು ಕಟ್ಟಿ ಮಾರಿದರು ಬಿಡಿ. ಆದರೆ ಬಂದಬಂದಾಗ ಕೊಂಡು ಆಡಿದವನ ಮನೆಯಲ್ಲಿ ಅರ್ಧ ಡಜನ್ ಯಂತ್ರ ಇರಬೇಕಿತ್ತು.

ಮದುವೆಗೂ ನಾಮಕರಣಕ್ಕೂ ಮಾತ್ರ ಹೋಗಿ, ನಡುವಿನ ಸೀಮಂತ, ಅರವತ್ತರ ಶಾಂತಿ, ಆಸ್ತಿ ಪಾಲು ಎಲ್ಲ ತಪ್ಪಿಸಿಕೊಂಡವನ ಗತಿ ನನ್ನದಾಯಿತು. ಊಟದ ಪಂಕ್ತಿಯಲ್ಲಿ ಒಬ್ಬರು ಇನ್ನೊಬ್ಬರ ಜೊತೆ ಮಾತು ಬಿಟ್ಟಿದ್ದಾರೆ. ಯಾಕೆಂದು ಗೊತ್ತಿಲ್ಲ. ಸುಮ್ಮನೆ ಪಾಯಸ ಹಾಕಿಸಿಕೊಳ್ಳಬೇಕು.

"ಅಂದ್ರೆ ನಿಮ್ಮ ಪ್ರಕಾರ," ಎಂದಳು ಹೆಂಡತಿ, "ಮುಂದಿನ ಕಥೆ ಅರ್ಥವಾಗೋದಕ್ಕೆ ಯಾವುದು ಬೇಕೋ ಅದು ಸೇರುತ್ತೆ."

"ಸರಿಯಾಗಿ ಹೇಳಿದೆ!"

"ಈಗ ಕೊಂಡಿದ್ದೀರಲ್ಲ, ಇದು ಆಡದಿದ್ರೆ ಮುಂದಿನದು ಅರ್ಥವಾಗಲ್ವಾ?"

ಮುಂದಿನದೆಂದರೆ 2023ರ 'ಟಿಯರ್ಸ್ ಆಫ್ ದಿ ಕಿಂಗ್‌ಡಮ್'. ಅದರಲ್ಲಿ ಆ ನಾಲ್ವರು ಸತ್ತೇ ಇದ್ದಾರೆ. ಟೆರಾಕೊನ ಸುದ್ದಿಯೇ ಇಲ್ಲ. ನಾನು ತೋಡಿದ ಗುಂಡಿಯ ಆಳ ಅಳೆಯುತ್ತ ನಿಂತೆ.

ಅಷ್ಟರಲ್ಲಿ ಏಳನೇ ಕ್ಲಾಸಿನ ಮಗಳು ಬಂದು, "ಅಪ್ಪಾ, ನಿನ್ನ ಕೋರ್ಟು ಮುಗಿದ್ರೆ ಟಿ.ವಿ. ಬಿಡು, ಮಾರಿಯೋ ಕಾರ್ಟ್ ಆಡಬೇಕು" ಎಂದಳು. ಅವಳಿಗೆ ಈ ಚರ್ಚೆಯೇ ಹುಚ್ಚು. ಮಾರಿಯೋ ಮಾಲೆಯ ಮುಖ್ಯ ಆಟಗಳಲ್ಲಿ ಬೌಸರ್ ರಾಜಕುಮಾರಿಯನ್ನು ಹೊತ್ತೊಯ್ಯುತ್ತಾನೆ. 1992ರಲ್ಲಿ ಶುರುವಾದ ಕಾರ್ ರೇಸಿನಲ್ಲಿ ಅದೇ ಬೌಸರ್, ಅದೇ ರಾಜಕುಮಾರಿ ಅಕ್ಕಪಕ್ಕ ಗಾಡಿ ಓಡಿಸುತ್ತಾರೆ. ಗಾಲ್ಫ್ ಆಡುತ್ತಾರೆ, ಟೆನಿಸ್ ಆಡುತ್ತಾರೆ. ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ. 2003ರ 'ಡಬಲ್ ಡ್ಯಾಶ್'ನಲ್ಲಿ ಮಾರಿಯೋ ಜೊತೆ ಮಗು ಮಾರಿಯೋ ಕೂಡ ರೇಸಿಗಿಳಿದಿದ್ದಾನೆ. ತನ್ನ ಬಾಲ್ಯದ ಕೈಯಲ್ಲೇ ಸೋಲುವ ಅವಕಾಶ! ಮಾರಿಯೋನನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಅವರನ್ನು ಈ ಬಗ್ಗೆ ಕೇಳಿದಾಗ, ಇವರೆಲ್ಲ ಒಂದು ನಾಟಕ ತಂಡದ ನಟರಿದ್ದ ಹಾಗೆ, ಆಟಕ್ಕೆ ತಕ್ಕ ಪಾತ್ರ ಮಾಡುತ್ತಾರೆ ಎಂಬ ಅರ್ಥದ ಮಾತು ಹೇಳಿದ್ದರು.

ನಾನು ಇದನ್ನು ಗಟ್ಟಿಯಾಗಿ ಹೇಳಿದ್ದೇ ತಡ, ಒಳಕೋಣೆಯಿಂದ ಅಮ್ಮನ ದನಿ ಬಂತು: "ಅದನ್ನ ಹೇಳ್ಲಿಕ್ಕೆ ಜಪಾನಿನವ ಬೇಕಾಯ್ತೇನೋ ತಮ್ಮಾ?"

ಅಮ್ಮನ ಊರು ಸಾಗರದ ಕಡೆ. ಅವಳಿಗೂ ಆಟವೆಂದರೆ ಪ್ರಾಣ; ಅವಳ ಆಟ ಯಕ್ಷಗಾನ. ಕಂಬಳಿ ಹೊದ್ದು ಬೆಳಗಿನವರೆಗೆ ಕೂತು ಆಟ ನೋಡಿದವಳಿಗೆ ಮಗ ರಾತ್ರಿ ಹನ್ನೆರಡರವರೆಗೆ ಕೂತು ಆಟ ಆಡಿದರೆ ತಪ್ಪು ಕಾಣುವುದಿಲ್ಲ. ಬೇಗ ಮುಗಿಸಿದ್ದಕ್ಕೇ ಬೇಸರ. ಅವಳು ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತಳು.

"ನಿನ್ನೆ ರಾವಣ ಆದವ ಇವತ್ತು ಕೃಷ್ಣ ಆಗ್ತಾನೆ. ಅದಿರಲಿ. ಕೃಷ್ಣಾರ್ಜುನ ಕಾಳಗ ನೋಡಿದ್ದೀಯಲ್ಲ?"

ನೋಡಿದ್ದೆ. ಗಯ ಎಂಬ ಗಂಧರ್ವ ಆಕಾಶದಲ್ಲಿ ಹೋಗುತ್ತ ತಾಂಬೂಲ ಉಗುಳುತ್ತಾನೆ. ಅದು ಸರಿಯಾಗಿ ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. ಕೃಷ್ಣ ಅವನ ತಲೆ ತೆಗೆಯುವ ಶಪಥ ಮಾಡುತ್ತಾನೆ. ಗಯ ಹೋಗಿ ಅರ್ಜುನನ ಕಾಲು ಹಿಡಿಯುತ್ತಾನೆ. ಅರ್ಜುನ, ಶತ್ರು ಯಾರೆಂದು ಕೇಳುವ ಮೊದಲೇ ಅಭಯ ಕೊಟ್ಟುಬಿಡುತ್ತಾನೆ. ಆಮೇಲೆ ಭಾವ ಭಾವಂದಿರ ಯುದ್ಧ.

"ಅದು ವ್ಯಾಸರ ಭಾರತದಲ್ಲಿ ಎಲ್ಲಿ ಉಂಟು ಹೇಳು?"

"ಇಲ್ಲ."

"ಇಲ್ಲ ಅಂತ ಯಾರಾದ್ರೂ ನಡುರಾತ್ರಿ ಚಾಪೆ ಸುತ್ತಿಕೊಂಡು ಮನೆಗೆ ಹೋಗಿದ್ದು ಉಂಟಾ? ಹಾಗಂತ ಮರುದಿನದ ಪ್ರಸಂಗದಲ್ಲಿ ಕೃಷ್ಣ ಅರ್ಜುನನ ರಥ ಹೊಡೀಲಿಕ್ಕೆ ಬರಲ್ಲ ಅಂದದ್ದೂ ಇಲ್ಲ. ಆ ರಾತ್ರಿಗೆ ಅದು ಪೂರಾ ಖರೆ. ಬೆಳಗಾದ್ಮೇಲೆ ಅವರವರ ಮನೆಗೆ."

ಹೆಂಡತಿ ಪೆನ್ನು ಕೆಳಗಿಟ್ಟಳು. ಅತ್ತೆಯ ಮಾತಿಗೆ ಅವಳು ಬೆಲೆ ಕೊಡುತ್ತಾಳೆ. ಅಮ್ಮನ ಖರ್ಚು ಯಾವತ್ತೂ ಮೊದಲ ಕಲಮಿನದು.

"ಅಲ್ಲ ಅತ್ತೆ, ಸತ್ತವರು ಬದುಕಿದ್ದಾರೆ ಇದರಲ್ಲಿ. ಅದು ಹೇಗೆ ಸರಿ?"

ಅಮ್ಮ ಸ್ವಲ್ಪ ಹೊತ್ತು ಟಿ.ವಿ. ನೋಡಿದಳು. ಮೀಫಾ ನಿಂತಿದ್ದಳು, ಕೈಯಲ್ಲಿ ತ್ರಿಶೂಲ ಹಿಡಿದು.

"ಅಭಿಮನ್ಯು ಚಕ್ರವ್ಯೂಹದಿಂದ ಬದುಕಿ ಬರೋ ಪ್ರಸಂಗ ಯಾರಾದ್ರೂ ಬರೆದಿದ್ರೆ, ನಾನು ಮೊದಲ ಸಾಲಲ್ಲೇ ಕೂರ್ತಿದ್ದೆ ಮಾರಾಯ್ತಿ," ಎಂದಳು.

ಯಾರೂ ಮಾತಾಡಲಿಲ್ಲ. ನನ್ನ ಕೇಸು ಗೆಲ್ಲುವ ಹಂತಕ್ಕೆ ಬಂದಿತ್ತು. ಇಂಥ ಹಂತದಲ್ಲಿ ಸುಮ್ಮನಿರಬೇಕು. ನನಗೆ ಆ ವಿದ್ಯೆ ಬಂದಿಲ್ಲ.

ಹೆಂಡತಿ ಎದ್ದು ಸಂಜೆ ಹಾಲು ಒಲೆ ಮೇಲಿಟ್ಟು, "ಮಹಡಿ ಮೇಲಿಂದ ಬಟ್ಟೆ ತರ್ತೀನಿ, ಹಾಲು ನೋಡ್ಕೊಳ್ಳಿ" ಎಂದಳು. ನಾನು ಅವಳ ಹಿಂದೆಯೇ ಅಡುಗೆಮನೆ ಬಾಗಿಲವರೆಗೆ ಹೋಗಿ, ಮೆಟ್ಟಿಲ ಕಡೆ ಮುಖ ಮಾಡಿ, ವಾದ ಮುಂದುವರಿಸಿದೆ.

"ಇನ್ನೊಂದು ಮಾತು ಕೇಳು. ಮುಖ್ಯಕಥೆ, ಉಪಕಥೆ ಅನ್ನೋದೇ ಹುಟ್ಟಿನಿಂದ ಬರೋದಲ್ಲ. 1981ರಲ್ಲಿ 'ಡಾಂಕಿ ಕಾಂಗ್' ಅಂತ ಒಂದು ಆಟ. ಹೆಸರೇ ಆ ಗೊರಿಲ್ಲಾದ್ದು. ಪೀಪಾಯಿ ಹಾರಿಕೊಂಡು ಅವನ ಹತ್ತಿರ ಹೋಗ್ತಿದ್ದ ಬಡಗಿಗೆ ಸರಿಯಾದ ಹೆಸರೂ ಇರಲಿಲ್ಲ, ಜಂಪ್‌ಮ್ಯಾನ್ ಅಂತಿದ್ರು. ಅವನೇ ಮಾರಿಯೋ! ಈ ಇಡೀ ಮಾರಿಯೋ ಸಾಮ್ರಾಜ್ಯವೇ ಗೊರಿಲ್ಲಾ ಕಥೆಯ ಉಪಕಥೆ. ಆ ಗೊರಿಲ್ಲಾ ಹೊತ್ತೊಯ್ದಿದ್ದ ಪಾಲೀನ್ ಅನ್ನೋ ಹೆಂಗಸು 2017ರ 'ಮಾರಿಯೋ ಒಡಿಸ್ಸಿ'ಯಲ್ಲಿ ಒಂದು ನಗರಕ್ಕೆ ಮೇಯರ್ ಆಗಿದ್ದಾಳೆ. ಮೂಲ ಗೊರಿಲ್ಲಾ ಏನಾದ ಗೊತ್ತಾ? ಮುದುಕನಾಗಿ ಕ್ರ್ಯಾಂಕಿ ಕಾಂಗ್ ಅಂತ ಹೆಸರಿಟ್ಟುಕೊಂಡು, ನಮ್ಮ ಕಾಲದ ಆಟ ಹೀಗಿರಲಿಲ್ಲ ಅಂತ ಗೊಣಗ್ತಾ ಕೂತಿದ್ದಾನೆ."

"ಅವನು ಮಾತ್ರ ಖಂಡಿತ ಕ್ಯಾನನ್," ಎಂದ ಮಗ, ನನ್ನನ್ನೇ ನೋಡುತ್ತ.

"ಅಪ್ಪಾ," ಎಂದಳು ಮಗಳು, "ಗೃಹಪ್ರವೇಶದ ಹಾಲಿನ ಕಥೆ ಕ್ಯಾನನ್ನಾ?"

ಇದೇ ನಾನು ಹೆದರುತ್ತಿದ್ದ ಪ್ರಶ್ನೆ.

ಜಪಾನಿನಲ್ಲಿ ಆ ಅಧಿಕೃತ ಪುಸ್ತಕ ಬಂದ 2011ರಲ್ಲೇ ಹಾಸನದಲ್ಲಿ ನನ್ನ ಭಾವಮೈದುನನ ಗೃಹಪ್ರವೇಶ. ಹೊಸ ಅಡುಗೆಮನೆ, ಹೊಸ ಒಲೆ, ಅರಿಸಿನ ಕುಂಕುಮ ಹಚ್ಚಿದ ಹೊಸ ಪಾತ್ರೆಯಲ್ಲಿ ಹಾಲು. ಸುತ್ತಲೂ ಮೂವತ್ತು ಜನ. ಹಾಲು ಉಕ್ಕಿ ಚೆಲ್ಲಬೇಕು, ಅದೂ ಪೂರ್ವಕ್ಕೆ ಚೆಲ್ಲಿದರೆ ಶ್ರೇಷ್ಠ ಎಂದು ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಪುರೋಹಿತರ ಮಂತ್ರ ಏರುತ್ತಿದೆ. ಹಾಲಿನ ಕೆನೆ ಗುಳ್ಳೆಯಾಗಿ, ಗುಳ್ಳೆ ಗುಮ್ಮಟವಾಗಿ, ಪಾತ್ರೆಯ ಅಂಚಿಗೆ ಬಂತು. ಯಾರೋ ಹೆಂಗಸರು ಸಂಭ್ರಮದಿಂದ "ಹಾಲು! ಹಾಲು!" ಎಂದು ಕೂಗಿದರು.

ನಾನು ಮೂವತ್ತು ಜನರ ನಡುವಿನಿಂದ ಹಾರಿ ಒಲೆ ಆರಿಸಿದೆ.

ಏಳು ವರ್ಷದ ದಾಂಪತ್ಯದ ತರಬೇತಿ ಅದು. "ಹಾಲು" ಎಂದು ಹೆಂಗಸಿನ ದನಿ ಕೇಳಿದರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಗುಮ್ಮಟ ಕುಸಿದು ಕೂತಿತು. ಮಂತ್ರ ನಿಂತಿತು. ನಾನು ಹಣೆಯ ಬೆವರು ಒರೆಸಿಕೊಂಡು "ಸದ್ಯ, ಉಕ್ಕಲಿಲ್ಲ" ಎಂದೆ.

ಅಂದಿನಿಂದ ಇವತ್ತಿನವರೆಗೆ ಹೆಂಡತಿಯ ತವರಿನ ಯಾವ ಸಮಾರಂಭವೂ ಈ ಕಥೆ ಇಲ್ಲದೆ ಮುಗಿದಿಲ್ಲ. ನನ್ನದೊಂದು ಬೇರೆ ಪಾಠಾಂತರವಿದೆ. ಪುರೋಹಿತರೇ ಕಣ್ಣಲ್ಲಿ ಸನ್ನೆ ಮಾಡಿದ ಹಾಗಿತ್ತು ಎಂದು. ಅದನ್ನು ಎಲ್ಲರೂ ಪ್ರಕ್ಷಿಪ್ತ ಎಂದು ತೆಗೆದುಹಾಕಿದ್ದಾರೆ. 2013ರಲ್ಲಿ ನಾನು ಕುಮಾರಪರ್ವತ ಹತ್ತಿ ಇಳಿದೆ. ಫೋಟೋ ಇದೆ. ಯಾರೂ ಅದರ ಮಾತೆತ್ತುವುದಿಲ್ಲ; ನನ್ನ ಸಿಡಿ-ಐ ಆಟ ಅದು. ಹಾಲಿನ ಕಥೆ ಮಾತ್ರ ಪ್ರತಿ ಕಂತಿನಲ್ಲೂ ಬರುತ್ತದೆ. ಆಗಿನ್ನೂ ಹುಟ್ಟದೇ ಇದ್ದ ನನ್ನ ಮಗಳಿಗೂ ಪುರೋಹಿತರ ಶಾಲಿನ ಬಣ್ಣ ಗೊತ್ತು.

"ಅದು ಕ್ಯಾನನ್ ಅಲ್ಲ," ಎಂದೆ ಗಂಭೀರವಾಗಿ. "ಅದೊಂದು ಉಪಕಥೆ. ಬೇರೆ ಊರು, ಬೇರೆ ಒಲೆ, ಬೇರೆ ಸಂದರ್ಭ. ಮುಖ್ಯಮಾಲೆಯಲ್ಲಿ ನಾನು ಜವಾಬ್ದಾರಿಯುತ ಗೃಹಸ್ಥ. ಹಾಸನದಲ್ಲಿ ಆಗಿದ್ದಕ್ಕೂ ಈ ಮನೆಯಲ್ಲಿ ನಡೆಯೋದಕ್ಕೂ ಯಾವ ಕಥಾಸಂಬಂಧವೂ ಇಲ್ಲ. ಆಮೇಲೆ ಇಷ್ಟು ವರ್ಷದಲ್ಲಿ ಆ ಘಟನೆಯನ್ನು ಅವಲಂಬಿಸಿದ ಒಂದೇ ಒಂದು ಘಟನೆ ನಡೆದಿದ್ದರೆ ತೋರಿಸಿ..."

ಮಗ ಮೂಗು ಮೇಲೆತ್ತಿ ಏನೋ ಮೂಸಿದ. ಅಮ್ಮನೂ ಮೂಸಿದಳು. ನನ್ನ ಬೆನ್ನ ಹಿಂದೆ ಸುಂಯ್ ಎಂದು ಸದ್ದು ಕೇಳಿತು. ತಿರುಗಿ ನೋಡಿದರೆ ಗುಮ್ಮಟ ಎದ್ದು, ಒಡೆದು, ಪಾತ್ರೆಯ ಹೊಟ್ಟೆಗುಂಟ ಇಳಿದು, ಬರ್ನರ್ ಆರಿಸಿ, ಕಟ್ಟೆ ದಾಟಿ ನೆಲ ಮುಟ್ಟುತ್ತಿತ್ತು. ಪೂರ್ವಕ್ಕೇ ಚೆಲ್ಲಿತ್ತು. ಅಷ್ಟರ ಮಟ್ಟಿಗೆ ಶ್ರೇಷ್ಠ.

ಒಣಗಿದ ಬಟ್ಟೆಯ ರಾಶಿ ಹೊತ್ತು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬಯ್ಯಲಿಲ್ಲ. ಹಾಲನ್ನು ನೋಡಿದಳು, ನನ್ನನ್ನು ನೋಡಿದಳು.

"ಉಕ್ಕಬೇಕಾದಲ್ಲಿ ಆರಿಸಿದ್ರಿ. ಆರಿಸಬೇಕಾದಲ್ಲಿ ಉಕ್ಕಿಸಿದ್ರಿ," ಎಂದಳು.

"ಅಪ್ಪ," ಎಂದ ಮಗ, ಬಹಳ ಮೆಲ್ಲಗೆ, "ಈಗ ಎರಡನೇ ಭಾಗ ಬಂತು."

ಅವನ ಮಾತಿನ ಪೂರ್ಣ ಅರ್ಥ ನನಗೆ ಹೊಳೆದದ್ದು ನೆಲ ಒರೆಸುವ ಬಟ್ಟೆ ಹಿಂಡುವಾಗ. ಇಷ್ಟು ದಿನ ಹಾಸನದ್ದು ಒಂಟಿ ಕಥೆ. ವಾದ ಮಾಡಲು ಜಾಗವಿತ್ತು. ಇನ್ನು ಮೇಲೆ ಇದನ್ನು ಹೇಳುವವರು ಅದನ್ನು ಹೇಳದೆ ಇದನ್ನು ಹೇಳುವ ಹಾಗಿಲ್ಲ. ಅದಿಲ್ಲದೆ ಇದು ಅರ್ಧ. ನನ್ನ ವಾದವೇ ತಿರುಗಿ ಬಂದು ನನ್ನ ಕೊರಳಿಗೆ ಸುತ್ತಿಕೊಂಡಿತ್ತು. ಮುಂದಿನ ಕಂತು ಯಾವುದನ್ನು ಕರೆದು ಕೂರಿಸಿಕೊಳ್ಳುತ್ತದೋ ಅದೇ ಮೂಲ ಎನ್ನುವುದು ನಿಂಟೆಂಡೊ ವಿಷಯದ ಮಟ್ಟಿಗೆ ನಿಜವೋ ಅಲ್ಲವೋ, ನನ್ನ ಮಾವನ ಮನೆಯ ಮಟ್ಟಿಗೆ ನಿಜ. ಮಾಡಿದವನ ಮಾತಿಗೆ ಅಲ್ಲಿ ಕಾಸಿನ ಬೆಲೆಯಿಲ್ಲ. ಮಾಡಿದವನು ನಾನೇ ಅಲ್ಲವೆ?

"ಇದು ಬೇರೆ ಕಾಲಧಾರೆ..." ಎಂದು ಶುರುಮಾಡಿದೆ. ಆಗಲೇ ಹಾಸನಕ್ಕೆ ಫೋನ್ ಹೋಗಿತ್ತು. ಸ್ಪೀಕರಿನಲ್ಲಿ ಭಾವಮೈದುನನ ನಗು ಅಡುಗೆಮನೆ ತುಂಬಿತು.

"ಭಾವ, ದೀಪಾವಳಿಗೆ ಬನ್ನಿ. ಮೇಲೊಂದು ಮಹಡಿ ಕಟ್ಟಿಸಿದ್ದೀನಿ, ಮತ್ತೆ ಹಾಲುಕ್ಕಿಸೋದಿದೆ. ಈ ಸಲ ನಿಮ್ಮನ್ನೇ ಒಲೆ ಮುಂದೆ ಕೂರಿಸಿ, ಜೊತೆಗೆ ಯಾರನ್ನಾದ್ರೂ ಮಾತಿಗೆ ಬಿಡ್ತೀವಿ. ಗ್ಯಾರಂಟಿ ಉಕ್ಕುತ್ತೆ."

ರಾತ್ರಿ ಎಲ್ಲರೂ ಮಲಗಿದ ಮೇಲೆ ಲೆಕ್ಕದ ಪುಸ್ತಕ ತೆಗೆದು ನೋಡಿದೆ. 4,500 ಹೊಡೆದುಹಾಕಿರಲಿಲ್ಲ. ಹೆಸರುಬೇಳೆಗೂ ಗ್ಯಾಸಿಗೂ ನಡುವೆ ಹಾಗೇ ಇತ್ತು; ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಅತ್ತೆಗೆ' ಎಂದು ಬರೆದಿತ್ತು. ಬಲಗಡೆ ಕಲಮಿನಲ್ಲಿ ಇವತ್ತಿನ ತಾರೀಕಿಗೆ ಹೊಸದೊಂದು ಸಾಲು. ಈ ಮನೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಹಾಲು, ಅರ್ಧ ಲೀಟರ್, 'ಇತರೆ'ಗೆ ಬಿದ್ದಿತ್ತು.